ವಾರಸುದಾರರಿಲ್ಲದ ನಾಯಿ

ಆಯುಧಪೂಜೆಯ ಬೆಳಿಗ್ಗೆ ಚಂದ್ರಹಾಸನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹಿಂದಿನ ಸಂಜೆ ಅವನ ನಾಯಿ ಬ್ರೂನೋ ಪಕ್ಕದ ಮನೆಯ ಪದ್ಮಾಕ್ಷಮ್ಮನವರ ಕಾಲಿನ ಮೀನಖಂಡಕ್ಕೆ ಬಾಯಿ ಹಾಕಿತ್ತು. ದೂರು ಹೋಗಿತ್ತು, ಪೊಲೀಸರು ಇನ್ನೇನು ಬರುವವರಿದ್ದರು. ಅವನು ನಾಯಿಯ ಬೆಲ್ಟು ಬಿಚ್ಚಿ, ಅದರ ತಟ್ಟೆಯನ್ನು ಅಟ್ಟಕ್ಕೆಸೆದು, ನಾಯಿಯನ್ನು ಗೇಟಿನಾಚೆ ದೂಡಿ ಬಂದ.

"ಯಾವ್ಯಾವುದಕ್ಕೆ ಹಾರ ಹಾಕ್ಲೋ?" ತಾಯಿ ಕುಂಕುಮದ ಬಟ್ಟಲು ಹಿಡಿದು ಕೇಳಿದರು.

"ನಮ್ಮನೇದು ಅಂತ ಏನೇನಿದೆಯೋ ಎಲ್ಲದಕ್ಕೂ ಹಾಕಮ್ಮ, ನನ್ನ ತಲೆ ತಿನ್ಬೇಡ!"

ಸ್ವಲ್ಪ ಹೊತ್ತಿಗೆ ದಫೇದಾರರು ಬಂದರು. ಹಿಂದೆಯೇ ಕುಂಟುತ್ತ ಪದ್ಮಾಕ್ಷಮ್ಮ.

"ನಾಯಿ ನಿಮ್ಮದಾದ್ರೆ ಕೇಸು ನಿಮ್ಮ ಮೇಲೇರೀ," ಎಂದರು ದಫೇದಾರರು.

"ಅಯ್ಯೋ, ಅದು ಬೀದಿನಾಯಿ ಸಾರ್. ನಮಗೂ ಅದಕ್ಕೂ ಏನೇನೂ ಸಂಬಂಧವಿಲ್ಲ."

"ಓಹೋ!" ಪದ್ಮಾಕ್ಷಮ್ಮ ಥೇಟ್ ಅವನದೇ ದನಿ ತೆಗೆದು ಮೂಗಿನಲ್ಲಿ ರಾಗ ಎಳೆದರು. "'ಬಾರೋ ಬಂಗಾರಾ, ಹಾಲನ್ನ ತಿನ್ನೋ ರಾಜಾ' ಅಂತ ದಿನಾ ಕರೆಯೋದು ಯಾರನ್ನಪ್ಪಾ?"

"ನಮ್ಮಕ್ಕನ ಮಗನ್ನ!"

"ಅವನೂ ಬಾಲ ಅಲ್ಲಾಡಿಸ್ತಾನಾ?"

ದಫೇದಾರರು ನಗು ತಡೆದುಕೊಂಡರು. "ಬರೀ ಮಾತು ಸಾಲದಮ್ಮ, ಸಾಕ್ಷಿ ಬೇಕು. ಇವರದೇ ನಾಯಿ ಅಂತ ಹೇಗೆ ಹೇಳೋದು?"

ಚಂದ್ರಹಾಸನಿಗೆ ಧೈರ್ಯ ಬಂತು. ಅವರನ್ನು ಸಾಗಹಾಕುವ ಆತುರದಲ್ಲಿ ತಾನೇ ಮುಂದಾಗಿ ಗೇಟು ತೆರೆದ.

ಹೊರಗೆ ಅವನ ಸ್ಕೂಟರು ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವಿನ ಹಾರ ಹಾಕಿಸಿಕೊಂಡು ನಿಂತಿತ್ತು. ಅದರ ಮರೆಯಿಂದ, ಹಣೆಗೆ ಅದೇ ಕುಂಕುಮ, ಕೊರಳಿಗೆ ಅದೇ ಹಾರದ ಬ್ರೂನೋ ಬಾಲ ಅಲ್ಲಾಡಿಸುತ್ತ ಎದ್ದು ಬಂತು.