ಮುಳ್ಳು ಹಾಕಿದ ಬಾಗಿಲು

ಕಿಟಕಿಯ ಸರಳನ್ನು ಪೆನ್ನಿನಿಂದ ಬಡಿದ ಸದ್ದು. ಮಂಜಮ್ಮ ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ನೆಲಕ್ಕಿಟ್ಟು, ಉಸಿರು ಬಿಗಿಹಿಡಿದು ಗೋಡೆಗೊರಗಿದಳು. ಅವನೇ. ಮಧುಗಿರಿಯ ಫೈನಾನ್ಸ್ ಕಂಪನಿಯ ಪ್ರಭುದೇವ್. ತಿಂಗಳಿಗೊಮ್ಮೆ ತಪ್ಪದೆ ಬರುವ ಶನಿ.

"ಅಮ್ಮಾ, ಒಳಗಿದ್ದೀರ ಅಂತ ನಂಗೊತ್ತು. ಬಚ್ಚಲ ನೀರು ಹರೀತಾ ಐತೆ. ಒಂದ್ ಸೈನ್ ಹಾಕ್ಬುಡಿ, ಎಲ್ಲಾ ಮುಗ್ದೋಗ್ತದೆ."

ಪಕ್ಕದ ಮನೆಯ ಪಾಪಕ್ಕ ಜಗಲಿಯಿಂದಲೇ ಗದರಿದಳು. "ಮುಳ್ಳಾಕಿರೋ ಮನೇಲಿ ಯಾರಪ್ಪ ಇರ್ತಾರೆ? ಅವ್ಳು ಬರಗೂರ್ನಾಗೆ ತವರುಮನೇಲವ್ಳೆ. ಎಷ್ಟು ಸಲ ಹೇಳಾನ ನಿಂಗೆ?"

ಪಾಪಕ್ಕ ಸುಳ್ಳು ಹೇಳುವುದರಲ್ಲಿ ಗಟ್ಟಿಗಿತ್ತಿ. ಮಂಜಮ್ಮನಿಗೆ ದಿನವೂ ಹಿತ್ತಿಲ ಬಾಗಿಲಲ್ಲಿ ಮುದ್ದೆ, ಸಾರು ಕೊಡುತ್ತಿದ್ದವಳೇ ಅವಳು.

ಮಂಜಮ್ಮನ ಗಂಡ ತಿಪ್ಪೇಶ್ ತೀರಿಕೊಂಡದ್ದು ಜೂನ್ ಐದರ ಬೆಳಗಿನ ಜಾವ. ನಕ್ಷತ್ರ ಸರಿಯಿಲ್ಲ, ಆರು ತಿಂಗಳು ಮನೆ ಬಿಡಬೇಕು ಎಂದರು ಹಿರಿಯರು. ಅಂದು ಸಂಜೆಯೇ ಬಾಗಿಲಿಗೆ ಬೀಗ ಬಿತ್ತು, ಬೀಗಕ್ಕೆ ಅಡ್ಡವಾಗಿ ಜಾಲಿಮುಳ್ಳು ಬಿತ್ತು. ಕೊರಟಗೆರೆಯಲ್ಲಿ ಪೊಲೀಸರಿಗೆ ಹೆದರದವರೂ ಆ ಮುಳ್ಳಿಗೆ ಹೆದರುತ್ತಾರೆ. ಆದರೆ ಹೋಗುವುದೆಲ್ಲಿಗೆ? ತವರಿನ ಅತ್ತಿಗೆ ಸಾವಿಗೆ ಬಂದಾಗಲೇ ಮುಖ ಗಂಟಿಕ್ಕಿಕೊಂಡು ನಿಂತಿದ್ದಳು. ಮನೆ ಖಾಲಿ ಬಿಟ್ಟರೆ ಫೈನಾನ್ಸಿನವರು ತಮ್ಮ ಬೀಗ ಜಡಿಯುತ್ತಾರೆ ಎಂಬ ಭಯ ಬೇರೆ. ಬರಗೂರಿಗೆಂದು ಬಸ್ಸು ಹತ್ತಿದವಳು ನಡುದಾರಿಯಲ್ಲೇ ಇಳಿದು ಅದೇ ರಾತ್ರಿ ಹಿತ್ತಿಲಿನಿಂದ ಒಳಗೆ ಸೇರಿಕೊಂಡಳು.

ಸಾವಿನ ಮನೆಯಲ್ಲಿ ಹೀಗೆ ಕದ್ದು ಬಾಳುವುದು ಎಂಥ ಶಿಕ್ಷೆ ಎಂಬುದು ಅವಳಿಗೇ ಗೊತ್ತು. ತಿಪ್ಪೇಶನದು ಶಾಮಿಯಾನ ವ್ಯಾಪಾರ. ಅವನ ಕಬ್ಬಿಣದ ಕುರ್ಚಿಗಳು ನಡುಮನೆಯಲ್ಲಿ ಸೂರಿನವರೆಗೂ ಪೇರಿಕೊಂಡಿದ್ದವು. ಹೊತ್ತು ಮುಳುಗುತ್ತಿದ್ದಂತೆ ಅವು ತಾವಾಗಿಯೇ ಕಿರ್ ಎನ್ನುತ್ತಿದ್ದವು. ಹಗಲಿನ ಸೆಕೆಗೆ ಕಾದ ಕಬ್ಬಿಣ ತಣ್ಣಗಾಗುವ ಸದ್ದು ಎಂದು ಮೊದಮೊದಲು ಸಮಾಧಾನ ಹೇಳಿಕೊಂಡಳು. ಆಮೇಲೆ ಅದಕ್ಕೆ ಉತ್ತರ ಕೊಡುವುದಕ್ಕೇ ಶುರುಮಾಡಿದಳು. "ಗೊತ್ತು ಕಣ್ ಬುಡು, ಸೈನ್ ಹಾಕಲ್ಲ."

ಮನೆ ಕಟ್ಟಲು ತೆಗೆದ ಬ್ಯಾಂಕ್ ಸಾಲ ತೀರುತ್ತ ಬಂದಿತ್ತು. ಕುರ್ಚಿ, ಜನರೇಟರು ಎಂದು ತಿಪ್ಪೇಶ್ ಅದೇ ಮನೆಯ ಮೇಲೆ ಫೈನಾನ್ಸಿನಲ್ಲಿ ಎರಡನೇ ಸಾಲ ಎತ್ತಿದ. ಅವನು ತೋರಿಸಿದಲ್ಲೆಲ್ಲ ಮಂಜಮ್ಮ ಓದದೆ ಸಹಿ ಹಾಕಿದಳು. ದುಡ್ಡು ಕೈಗೆ ಬರುವಾಗ ಏನೋ ಒಂದು ಬಾಬ್ತಿಗೆಂದು ಮುರಿದುಕೊಂಡರಂತೆ. ಅವನು ವಾರವೆಲ್ಲ ಅದನ್ನೇ ಗೊಣಗಿದ್ದ. ಕಂತು ನಿಂತಿತು, ನೋಟಿಸು ಬಂತು. ಜೂನ್ ನಾಲ್ಕರ ಸಂಜೆ ಬಂದ ನೋಟಿಸನ್ನು ಒಡೆದು ಓದಿದವನು ಎದೆ ಹಿಡಿದುಕೊಂಡು ಕೂತ. ಕಾಗದ ಅವನ ಮುಷ್ಟಿಯಲ್ಲೇ ಇತ್ತು, ಬೆಳಗಾಗುವುದರೊಳಗೆ ಅವನು ಇರಲಿಲ್ಲ. ಅಂದೇ ಮಂಜಮ್ಮ ನಿರ್ಧರಿಸಿದಳು: ಆ ಕಂಪನಿಯ ಲಕೋಟೆ ಒಡೆಯುವುದಿಲ್ಲ, ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ.

"ನಿಮ್ ಒಳ್ಳೇದಕ್ಕೇ ಹೇಳ್ತಿರೋದು," ಹೊರಗಿನ ದನಿ ಮುಂದುವರಿಯಿತು. ಸಾಲ ಕೊಡುವಾಗಲೂ ಇವರು ಇದನ್ನೇ ಹೇಳಿದ್ದರು. "ಬೀದೀಲಿ ನಿಂತು ಕೂಗೋ ಮಾತಲ್ಲ ಇದು, ದುಡ್ಡಿನ ವಿಷ್ಯ ಊರಿಗೆಲ್ಲ ಗೊತ್ತಾದ್ರೆ ನಿಮ್ಗೇ ತೊಂದ್ರೆ. ಕಾಗದ ಓದಿ. ಇವತ್ತೇ ಕೊನೆ ಕಣಮ್ಮ. ನಾಳೆಯಿಂದ ನನ್ ಕೈಲಿ ಏನೂ ಇರಲ್ಲ."

ಬೆದರಿಕೆಯನ್ನೂ ಎಷ್ಟು ನಯವಾಗಿ ಹಾಕುತ್ತಾನೆ! ಕಿಟಕಿಯ ಸಂದಿನಿಂದ ಆರನೇ ಲಕೋಟೆ ಒಳಗೆ ಬಿತ್ತು. ಎಂದಿನಂತೆ ಅದಕ್ಕೊಂದು ಪೆನ್ನು ಸಿಕ್ಕಿಸಿತ್ತು. ಪ್ರಭುದೇವ್ ಸ್ವಲ್ಪ ಹೊತ್ತು ನಿಂತ, ಮುಳ್ಳಿಗೆ ದೂರದಿಂದಲೇ ಕೈಮುಗಿದ, ಹೊರಟುಹೋದ. ಮಂಜಮ್ಮ ಲಕೋಟೆಯನ್ನು ಕಾಲಿನಿಂದಲೇ ತಳ್ಳಿಕೊಂಡು ಹೋಗಿ, ಉಳಿದ ಐದರ ಜೊತೆ ಟ್ರಂಕಿಗೆ ಹಾಕಿ ಮುಚ್ಚಿದಳು. ಕುರ್ಚಿಗಳು ಒಮ್ಮೆ ಜೋರಾಗಿ ನರಳಿದವು. ಅವಳಿಗೆ ಅಳು ಬಂತು. ಇನ್ನೂ ಯಾಕೆ ಸಿಟ್ಟು ತಿಪ್ಪೇಶನಿಗೆ?

ಮುಸ್ಸಂಜೆಗೆ ಅವಳು ಇದ್ದಿಲಿನಿಂದ ಗೋಡೆಯ ಮೇಲೆ ಒಂದು ಗೆರೆ ಎಳೆದಳು. ಮುಳ್ಳು ಹಾಕಿದ ದಿನದಿಂದ ದಿನಕ್ಕೊಂದು ಗೆರೆ, ಒಂದು ದಿನವೂ ತಪ್ಪಿಸಿರಲಿಲ್ಲ. ಇನ್ನೆರಡು ಎಳೆದರೆ ಆರು ತಿಂಗಳು ತುಂಬುತ್ತದೆ. ಇಷ್ಟು ದಿನ ಮನೆ ಉಳಿಸಿಕೊಂಡವಳಿಗೆ ಇನ್ನೆರಡು ಯಾವ ಲೆಕ್ಕ?

ಡಿಸೆಂಬರ್ ಐದರ ಬೆಳಿಗ್ಗೆ ಪೂಜಾರಿ ಬಂದು ಶಾಂತಿ ಮಾಡಿಸಿದ. ಪಾಪಕ್ಕ ಮುಳ್ಳು ಎಳೆದು ಬೀದಿಯಾಚೆಗೆ ಎಸೆದಳು. ಅಷ್ಟು ದಿನಗಳ ಮೇಲೆ ನಡುಮನೆಗೆ ಬಿಸಿಲು ಬಂತು. ಫೈನಾನ್ಸಿನವರು ಯಾರೂ ಬಂದಿರಲಿಲ್ಲ. ಗೆದ್ದೆ ಎನ್ನಿಸಿ ಮಂಜಮ್ಮನ ಎದೆ ಹಗುರಾಯಿತು.

"ಮನೆ ಉಳಿಸ್ಕೊಂಡಿವ್ನಿ, ನೀನಿನ್ನು ನೆಮ್ದಿಯಾಗಿ ಹೋಗು," ಎಂದು ಕುರ್ಚಿಗಳಿಗೆ ಹೇಳಿ, ಲಕೋಟೆಗಳನ್ನೆಲ್ಲ ಬಾಚಿಕೊಂಡು ಬಚ್ಚಲೊಲೆಯ ಮುಂದೆ ಕೂತಳು.

"ಸುಡೋಕ್ ಮುಂಚೆ ಏನೈತೆ ಅಂತಾದ್ರೂ ನೋಡೇ," ಎಂದಳು ಪಾಪಕ್ಕ. "ನಾಳೆ ಕೋರ್ಟು ಗೀರ್ಟು ಅಂದ್ರೆ?"

ಮಂಜಮ್ಮ ಮೊದಲನೆಯದನ್ನು ಒಡೆದಳು. ಜುಲೈ ತಿಂಗಳದು. ಒಂದೊಂದೇ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದಳು.

"ದಿವಂಗತ ತಿಪ್ಪೇಶ್ ಅವರು ಸಾಲ ಪಡೆಯುವಾಗಲೇ ಅದಕ್ಕೆ ವಿಮೆ ಮಾಡಿಸಲಾಗಿದೆ. ಬಾಕಿಯೆಲ್ಲವೂ ವಿಮೆಯಿಂದ ತೀರುತ್ತದೆ. ಮನೆ ನಿಮ್ಮದಾಗಿಯೇ ಉಳಿಯುತ್ತದೆ. ಇದರ ಜೊತೆಗಿರುವ ಅರ್ಜಿಗೆ ನಿಮ್ಮ ಒಂದು ಸಹಿ ಸಾಕು. ಅವರು ತೀರಿಕೊಂಡ ದಿನದಿಂದ ನೂರ ಎಂಬತ್ತು ದಿನಗಳೊಳಗೆ ಅರ್ಜಿ ತಲುಪದಿದ್ದರೆ ವಿಮೆ ಸಿಗುವುದಿಲ್ಲ."

ಎರಡನೆಯದರಲ್ಲೂ ಅದೇ. ಮೂರನೆಯದರಲ್ಲೂ ಅದೇ. ಆರನೆಯದರ ಅಂಚಿನಲ್ಲಿ ಮಾತ್ರ ಪೆನ್ನಿನಿಂದ ಬರೆದಿತ್ತು: "ಅಮ್ಮಾ, ಇವತ್ತು ಸಂಜೆವರೆಗೂ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ."

ಕುರ್ಚಿಗಳು ಸದ್ದು ಮಾಡಲಿಲ್ಲ. ಪಾಪಕ್ಕ ಎದ್ದು ನಡುಮನೆಗೆ ಹೋದಳು, ಗೋಡೆಯ ಮೇಲಿನ ಇದ್ದಿಲ ಗೆರೆಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಎಣಿಸಿದಳು.

ನೂರ ಎಂಬತ್ತಮೂರು.