ಎಣ್ಣೆ ಮಿಲ್ಲಿನ ಕ್ಯಾಲೆಂಡರು

“ಎಲ್ರೂ ಸ್ವಲ್ಪ ನಗ್ರಮ್ಮಾ” ಎಂದು ಫೋಟೋ ಮುನ್ನಾ ಕ್ಯಾಮೆರಾಕ್ಕೆ ಕಣ್ಣಿಡುವುದಕ್ಕೂ, ವಾರ್ಡನ್ ಸುವರ್ಣಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬರುವುದಕ್ಕೂ ಸರಿಹೋಯಿತು. ಮಾಯಸಂದ್ರದ ಹೆಣ್ಣುಮಕ್ಕಳ ಹಾಸ್ಟೆಲಿನ ಅಂಗಳದಲ್ಲಿ ನಲವತ್ತು ಹುಡುಗಿಯರು ಸಾಲಾಗಿ ನಿಂತಿದ್ದರು. ಪಕ್ಕದಲ್ಲಿ ಎಣ್ಣೆ ಮಿಲ್ಲಿನ ದಯಾನಂದ, ಇಸ್ತ್ರಿ ಶರ್ಟು ತೊಟ್ಟು, ಕಾಲ ಬಳಿ ಎಣ್ಣೆ ಡಬ್ಬ ಇಟ್ಟುಕೊಂಡು ಮದುವೆ ಗಂಡಿನ ಠೀವಿಯಲ್ಲಿದ್ದ.

“ಏನಿದು ಸಾವ್ಕಾರ್ರೇ?”

“ಎರಡ್ ಸಾವಿರದ ಇಸ್ವಿ ಕ್ಯಾಲೆಂಡರ್‌ಗೆ, ಮೇಡಮ್ಮೋರೇ. ಮೇಲೆ ಈ ಮಕ್ಳು, ಕೆಳಗೆ ನಮ್ ಮಿಲ್ಲಿನ ಹೆಸ್ರು. ಇನ್ನು ಮನೆಮನೆ ಗೋಡೇಲೂ ಇವ್ರೇ!”

ಆರು ತಿಂಗಳ ಹಿಂದೆ ಅವನು ಮಿಲ್ಲಿನ ಮುಂದೆ ಬೋರ್ಡು ಹಾಕಿದ್ದ: ಒಂದು ಟಿನ್ನು ಕೊಬ್ಬರಿ ಎಣ್ಣೆ ಕೊಂಡರೆ, ಒಂದು ಪಾವು ಹಾಸ್ಟೆಲ್ ಮಕ್ಕಳ ತಲೆಗೆ. ತೆಂಗಿನ ಸೀಮೆಯಲ್ಲಿ ಹುಟ್ಟಿಯೂ ಆ ಮಕ್ಕಳ ಕೂದಲು ನಾರಿನಂತೆ ಒಣಗಿದ್ದನ್ನು ಕಂಡು ಅವನಿಗೆ ನಿಜಕ್ಕೂ ಸಂಕಟವಾಗಿತ್ತು. ವ್ಯಾಪಾರವೂ ಏರಿತು ಎನ್ನಿ. ಸ್ವಾಮಿಕಾರ್ಯದ ಜೊತೆ ಸ್ವಕಾರ್ಯವೂ ಆದರೆ ಬೇಡ ಎನ್ನುವವರು ಯಾರು?

ಸುವರ್ಣಮ್ಮ ಹುಬ್ಬು ಗಂಟಿಕ್ಕಿದರು. “ಈ ಕ್ಯಾಲೆಂಡರು ಇವ್ರ ಕ್ಲಾಸಿನ ಹುಡುಗೀರ ಮನೇಲೂ ತೂಗುತ್ತೆ ಕಣ್ರೀ. ‘ನಮ್ಮಪ್ಪ ಟಿನ್ನು ತಗಂಡಿದ್ಕೆ ನಿನ್ ತಲೆಗೆ ಎಣ್ಣೆ’ ಅಂತ ಒಬ್ಳು ಅಂದ್ರೆ ಸಾಕು, ಇವ್ರು ಮತ್ತೆ ಸ್ಕೂಲ್ ಕಡೆ ಮುಖ ಹಾಕಲ್ಲ.”

“ಬಲಗೈಲಿ ಕೊಟ್ಟಿದ್ದು ಎಡಗೈಗೆ ತಿಳೀಬಾರ್ದು ಅಂತ ಕೂತ್ರೆ ಜನ ನನ್ ಎಣ್ಣೇನೇ ಯಾಕ್ ತಗಂತಾರೆ? ಅವ್ರು ತಗಳ್ದೆ ನಾನ್ ಎಲ್ಲಿಂದ ಕೊಡ್ಲಿ?”

“ಹಂಗಾದ್ರೆ ಆ ಎಣ್ಣೆ ಡಬ್ಬನೂ ತಗಂಡೋಗಿ.” ಹಾಗನ್ನುವುದು ಆಕೆಗೂ ಸುಲಭವಿರಲಿಲ್ಲ. ಹೇನು, ಹೊಟ್ಟು ಎಂದು ವರ್ಷಗಟ್ಟಲೆ ಆ ತಲೆಗಳ ಜೊತೆ ಹೆಣಗಿದವರು ಆಕೆಯೇ. “ನಡೀರಮ್ಮಾ ಒಳಗೆ.”

ದಯಾನಂದನಿಗೆ ಮೈ ಉರಿಯಿತು. ಕೊಟ್ಟವನಿಗೇ ಈ ಮಾತೇ? ಅಷ್ಟರಲ್ಲಿ ಅವನ ಕಣ್ಣು ಅಂಗಳದ ಕಡೆ ಹೋಯಿತು. ಇಷ್ಟು ಹೊತ್ತೂ ತಲೆ ತಗ್ಗಿಸಿಕೊಂಡಿದ್ದ ಹುಡುಗಿಯರು, ಬೆನ್ನು ತಿರುಗಿಸಿದ್ದೇ ತಲೆಯೆತ್ತಿ ನಡೆಯುತ್ತಿದ್ದರು. ಕೆಂಪು ರಿಬ್ಬನ್ನಿನ ಎಂಬತ್ತು ಜಡೆಗಳು ಬಿಸಿಲಿಗೆ ಮಿರಮಿರನೆ ಮಿಂಚುತ್ತಿದ್ದವು. ಅವನ ಕಣ್ಣು ತುಂಬಿ ಬಂತು.

“ಲೇ ಮುನ್ನಾ, ಹೊಡಿಲಾ ಫೋಟೋ!”

“ಒಂದ್ ಮುಖನೂ ಕಾಣಲ್ವಲ್ಲಣ್ಣ?”

“ಅದಕ್ಕೇ ಕಣ್ಲಾ, ಹೊಡಿ!” ಆಮೇಲೆ ಸುವರ್ಣಮ್ಮನ ಕಡೆ ತಿರುಗಿ ಮೆಲ್ಲಗೆ, “ಡಬ್ಬ ಅಲ್ಲೇ ಇರ್ಲಿ ಬುಡಿ ಮೇಡಮ್ಮೋರೇ” ಎಂದ. ಅವರು ಡಬ್ಬವನ್ನು ಎತ್ತಿಕೊಂಡು ಒಳಗೆ ನಡೆದರು.

ಕ್ಯಾಲೆಂಡರಿನಲ್ಲಿ ಹಾಸ್ಟೆಲಿನ ಹೆಸರಿರಲಿಲ್ಲ. ‘ನಮ್ಮ ಸೀಮೆಯ ಹೆಣ್ಣುಮಕ್ಕಳು’ ಎಂದಷ್ಟೇ ಅಚ್ಚು ಹಾಕಿಸಿದ್ದ. ಹೊಸ ವರ್ಷದ ಮೊದಲ ವಾರ ಮಿಲ್ಲಿಗೆ ಕೊಬ್ಬರಿ ತಂದ ದಂಡಿನಶಿವರದ ಸಣ್ಣತಿಮ್ಮಯ್ಯ, ಹತ್ತೆಕರೆ ತೆಂಗಿನ ತೋಟದ ಯಜಮಾನ, ಗೋಡೆಯ ಮುಂದೆ ನಿಂತು ಎಡತುದಿಯ ಜಡೆಯ ಮೇಲೆ ಬೆರಳಿಟ್ಟ.

“ಇದು ನಮ್ ಯೋಗಿತಾ ಅಲ್ವೇನಯ್ಯಾ? ಫೋಟೋ ತೆಗ್ಯೋವಾಗ ನಂಗೊಂದ್ ಮಾತು ಹೇಳ್ಬಾರ್ದಾ!” ದನಿಯ ತುಂಬ ಹೆಮ್ಮೆ. ಅವನ ಮಗಳು ಹಾಸ್ಟೆಲಿನ ಕಡೆ ಕಾಲಿಟ್ಟವಳೇ ಅಲ್ಲ.

“ಹೂಂ ಕಣಣ್ಣ, ನಿಮ್ಮುಡುಗೀನೇ” ಎಂದ ದಯಾನಂದ.

ಸಂಕ್ರಾಂತಿಯ ಹೊತ್ತಿಗೆ ಅದೇ ಜಡೆಯನ್ನು ತಮ್ಮ ಮಗಳದೆಂದ ಅಪ್ಪಂದಿರು ಮೂವರಾದರು. ದಯಾನಂದ ಮೂವರಿಗೂ ಹೌದೆಂದ.