ಪುಟದಂಚಿನ ಎರಡು ಮಾತು

ಪಾಳಿ ಮುಗಿಸಿ ಬಂದ ಸೊಸೆ ಊಟಕ್ಕೂ ಕೂರದೆ ಅತ್ತೆಯ ಹೆರಿಗೆ ಪುಸ್ತಕವನ್ನು ಕಪಾಟಿನಿಂದ ಕೆಳಗಿಳಿಸಿದಳು. ಅತ್ತೆ ನರ್ಸಿಂಗ್ ಓದುವಾಗ ಕೊಂಡದ್ದು ಅದು. ಈಗ ಸೊಸೆ ಕೆಲಸ ಮಾಡುವ ಹೆರಿಗೆ ವಾರ್ಡಿನಿಂದಲೇ ಅತ್ತೆ ನಿವೃತ್ತಳಾಗಿದ್ದಳು. ಬೆಳಿಗ್ಗೆ ಅಲ್ಲಿ ಸೊಸೆಯ ಕೈಯಲ್ಲಿ ಹುಟ್ಟಿದ ಮಗು ಅಳಲೇ ಇಲ್ಲ.

ಹೊಟ್ಟೆಯೊಳಗೆ ಮಗುವಿನ ಎದೆಬಡಿತ ನಿಧಾನವಾದಾಗ, ತಾನಾಗಿ ಸರಿಹೋದೀತು ಅಂತ ಅವಳು ಕಾಲು ಗಂಟೆ ಕಾದು, ಆಮೇಲೆ ಡಾಕ್ಟರನ್ನು ಕರೆದಿದ್ದಳು. ತಾಯಿಗೆ ಮಾತ್ರ, ಕೈಲಾದದ್ದೆಲ್ಲ ಮಾಡಿದೆವು ಅಂದಿದ್ದಳು. ಅಷ್ಟು ಹೊತ್ತು ಕಾಯಬಹುದು ಅಂತ ಪುಸ್ತಕದಲ್ಲಿ ಎಲ್ಲಾದರೂ ಒಂದು ಸಾಲಿದ್ದರೆ ಸಾಕಿತ್ತು.

ಪುಟಗಳ ಅಂಚಿನಲ್ಲೆಲ್ಲ ಅತ್ತೆಯ ಇರುವೆಸಾಲಿನಂಥ ಪೆನ್ಸಿಲ್ ಅಕ್ಷರ. ‘ನಮ್ಮ ವಾರ್ಡಿನಲ್ಲಿ ಇದು ಆಗದ ಮಾತು.’ ‘ಇದನ್ನು ಬರೆದವನು ಹೆತ್ತವನಲ್ಲ.’ ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಎದೆಬಡಿತದ ಪುಟದಲ್ಲಿ ಮಾತ್ರ ಶಾಯಿಯಲ್ಲಿ ಬರೆದಿತ್ತು: ‘ಕಾದೆ. ಕಾಯಬಾರದಿತ್ತು.’

ಸೊಸೆ ಪುಸ್ತಕವನ್ನು ಹಾಗೇ ಅತ್ತೆಯ ಮುಂದೆ ಹಿಡಿದಳು. ಬಟ್ಟೆ ಮಡಚುತ್ತಿದ್ದ ಅತ್ತೆಗೆ ಓದಲು ಕನ್ನಡಕ ಬೇಕಾಗಲಿಲ್ಲ. ತಾನು ಕೆಲಸಕ್ಕೆ ಸೇರಿದ ಮೂರನೇ ವರ್ಷ, ಹೆಣ್ಣು ಮಗು ಅಂದಳು. ಸೊಸೆಯ ಮುಖ ನೋಡಿ, ಏನಾಯ್ತು ಅಂತ ಕೇಳಲಿಲ್ಲ.

“ಯಾರಿಗೂ ಹೇಳಲಿಲ್ವಾ ಅತ್ತೆ?”

“ಡಾಕ್ಟರಿಗೆ ಅವತ್ತೇ ಹೇಳಿದೆ. ಅದರ ತಾಯಿಗೆ ಹೇಳೋಕೆ ನಾಲ್ಕು ದಿನ ಬೇಕಾಯ್ತು.”

“ಹೇಳಿದ ಮೇಲೆ ಮನಸ್ಸು ಹಗುರ ಆಯ್ತಾ?”

“ನನಗಾಗಲಿಲ್ಲ. ಆದರೆ ಆ ನಾಲ್ಕು ದಿನವೂ ಅವಳು ತನ್ನನ್ನೇ ಬೈದುಕೊಂಡಿದ್ದಳು ಕಣೇ.”

ಸೊಸೆ ಎರಡು ತುತ್ತು ತಿಂದು ತಟ್ಟೆ ತೊಳೆದಿಟ್ಟಳು. ಮೈಯೆಲ್ಲ ಹಾಸಿಗೆ ಬೇಡುತ್ತಿತ್ತು. ಆದರೂ ಸಂಜೆಗೆ ಮುಂಚೆ ವಾರ್ಡಿಗೆ ವಾಪಸ್ ಹೋದಳು. ಕೊನೆಯ ಮಂಚದಲ್ಲಿ ಬೆಳಗಿನ ಬಾಣಂತಿ ಸೂರು ನೋಡುತ್ತ ಮಲಗಿದ್ದಳು. ಕಣ್ಣು ಒಣಗಿತ್ತು.

“ಸಿಸ್ಟರ್, ಮೊನ್ನೆ ನಾನು ನೀರು ತುಂಬಿದ ಬಕೆಟ್ ಎತ್ತಿದ್ದೆ,” ಅಂದಳು. “ಅದಕ್ಕೇ ಹೀಗಾಯ್ತು ಅಲ್ವಾ?”

“ಅಲ್ಲಮ್ಮ.”

ಸೊಸೆ ಸ್ಟೂಲು ಎಳೆದುಕೊಂಡು ಕೂತು, ಡಾಕ್ಟರನ್ನು ಕರೆಯಲು ತಡಮಾಡಿದ್ದನ್ನೆಲ್ಲ ಹೇಳಿದಳು. ಅವಳ ಕೈ ಹಿಡಿಯಲು ಧೈರ್ಯವಾಗಲಿಲ್ಲ. ಬಾಣಂತಿ ಬೈಯಲಿಲ್ಲ. ಗೋಡೆಯ ಕಡೆ ಹೊರಳಿದಳು. ಅಲ್ಲಿಯವರೆಗೆ ಕಟ್ಟಿಹೋಗಿದ್ದ ಅಳು ಆಗ ಬಂತು.

ಸೊಸೆ ಎದ್ದು ಹೋಗಲಿಲ್ಲ.